ಗಣಿನೆಲದ ಹಸುರು ಮತ್ತು ಅದರ ಅಳತೆ: ಒಂದು ಚಾರಿತ್ರಿಕ ವಿವೇಚನೆ

೧

ಗಣಿಗಾರಿಕೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅಗೆತದ ಆರಂಭದಿಂದ ತೊಡಗಿ ಗಣಿ ಮುಚ್ಚಿದ ದಿನಕ್ಕೆ ತಮ್ಮ ಲೇಖನಿಯನ್ನು ಕೆಳಗಿಡುತ್ತಾರೆ. ಅದಿರು ಎಷ್ಟು ದೊರೆಯಿತು, ಬಂಡವಾಳ ಎಲ್ಲಿಂದ ಬಂದಿತು, ಕೂಲಿಗಾರರ ಸ್ಥಿತಿಗತಿ ಹೇಗಿದ್ದಿತು ಎಂಬ ವಿಷಯಗಳು ಆ ಬರವಣಿಗೆಯಲ್ಲಿ ಯಥೋಚಿತವಾಗಿ ಬರುತ್ತವೆ. ಗಣಿ ನಿಂತ ಮೇಲೆ ಆ ನೆಲಕ್ಕೆ ಏನಾಯಿತು ಎಂಬ ವಿಚಾರವನ್ನು ಸಸ್ಯಶಾಸ್ತ್ರಜ್ಞರಿಗೂ ಅರಣ್ಯಾಧಿಕಾರಿಗಳಿಗೂ ಬಿಟ್ಟುಕೊಡುವುದು ರೂಢಿಯಾಗಿದೆ. ಈ ರೂಢಿಯಿಂದ ಇತಿಹಾಸದ ವಿದ್ಯಾರ್ಥಿಗೆ ಒಂದು ನಷ್ಟವುಂಟು. ಸಸ್ಯಶಾಸ್ತ್ರಕ್ಕೂ ಅಷ್ಟೇ ನಷ್ಟವುಂಟೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಿಯಿಂದ ಹಾಳಾದ ನೆಲವನ್ನು ಸರಿಪಡಿಸಿ ಅಲ್ಲಿ ಗಿಡಮರಗಳನ್ನು ಎಬ್ಬಿಸುವ ಪ್ರಯತ್ನ ಕಳೆದ ಶತಮಾನದ ಮಧ್ಯಭಾಗದಿಂದ ಶಾಸ್ತ್ರೀಯ ಸ್ವರೂಪವನ್ನು ಪಡೆಯಿತು. ಪ್ರಯತ್ನ ಫಲಿಸಿತೆ ಎಂದು ತಿಳಿಯಲು ಒಂದು ಅಳತೆ ಬೇಕಾಯಿತು. ಆ ಅಳತೆ ಕಾಲಕಾಲಕ್ಕೆ ಬದಲಾಯಿತು. ಮೊದಲು ಹುಲ್ಲಿನ ಬೇರನ್ನು ಅಳೆದರು, ಬಳಿಕ ನೆಲದ ಮೇಲಿನ ಹೊದಿಕೆಯನ್ನು ಎಣಿಸಿದರು, ಕೊನೆಗೆ ಆಕಾಶದಿಂದಲೇ ಹಸುರಿನ ಲೆಕ್ಕವನ್ನು ತೆಗೆದರು. ಉಪಕರಣಗಳು ಹೀಗೆ ಸೂಕ್ಷ್ಮವಾಗುತ್ತ ಬಂದರೂ, ಆ ನೆಲದಲ್ಲಿ ಹಿಂದೆ ಏನಿದ್ದಿತು ಎಂಬ ಪ್ರಶ್ನೆಗೆ ಅವುಗಳಲ್ಲಿ ಯಾವುದೂ ತಾನಾಗಿ ಉತ್ತರ ಕೊಡಲಾರದು. ಆ ಉತ್ತರವಿಲ್ಲದೆ ಹಸುರು ಮರಳಿತೆಂದು ಹೇಳುವುದಕ್ಕೆ ಆಧಾರವಿಲ್ಲ.

೨

ಈ ಚರಿತ್ರೆಯ ಆರಂಭದ ಅಧ್ಯಾಯವೊಂದು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ನಡೆಯಿತು. ಅಲ್ಲಿನ ಬೆಟ್ಟಗಳಲ್ಲಿ ಸೀಸ, ಸತು, ತಾಮ್ರಗಳ ಹಳೆಯ ಗಣಿಗಳು ಅನೇಕವಿದ್ದುವು. ಗಣಿ ಬಿಟ್ಟು ದಶಕಗಳು ಕಳೆದರೂ ಅವುಗಳ ಕಸದ ರಾಶಿಗಳು ಬೋಳಾಗಿಯೇ ಉಳಿದಿದ್ದುವು. ನಮ್ಮ ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದ ಮೇಲೂ ನಿಂತಿರುವ, ಊರವರು ಸೈನೈಡ್ ದಿಬ್ಬಗಳೆಂದು ಕರೆಯುವ ನುಣ್ಮರಳಿನ ರಾಶಿಗಳನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸಲಾರದು. ಆದರೆ ವೇಲ್ಸಿನ ಕೆಲವು ರಾಶಿಗಳ ಮೇಲೆ ಅಲ್ಲಲ್ಲಿ ಒಂದು ಬಗೆಯ ಸಾಮಾನ್ಯ ಹುಲ್ಲು ಬೆಳೆದಿದ್ದುದನ್ನು ಆಂಥೊನಿ ಬ್ರ್ಯಾಡ್‌ಷಾ ಎಂಬ ತರುಣ ಸಸ್ಯಶಾಸ್ತ್ರಜ್ಞರು ಗಮನಿಸಿದರು. ಗೊಗಿನಾನ್ ಎಂಬಲ್ಲಿನ ಸೀಸದ ಗಣಿಯಿಂದ ಆ ಹುಲ್ಲನ್ನು ತಂದು, ಹುಲ್ಲುಗಾವಲಿನಲ್ಲಿ ಬೆಳೆದ ಅದೇ ಜಾತಿಯ ಹುಲ್ಲಿನೊಡನೆ ಗಣಿಯ ಮಣ್ಣಿನಲ್ಲಿ ನೆಟ್ಟು ನೋಡಿದರು. ಗಾವಲಿನ ಹುಲ್ಲು ಸತ್ತಿತು; ಗಣಿಯ ಹುಲ್ಲು ಉಳಿಯಿತು. ಈ ಫಲಿತಾಂಶವನ್ನು ಅವರು ೧೯೫೨ರಲ್ಲಿ ಪ್ರಕಟಿಸಿದರು. ವಿಷದ ಮಣ್ಣಿನಲ್ಲಿ ಬದುಕಬಲ್ಲ ಸಸಿಗಳು ಮಾತ್ರ ಉಳಿದು, ಕೆಲವೇ ತಲೆಮಾರುಗಳಲ್ಲಿ ಲೋಹವನ್ನು ತಾಳಿಕೊಳ್ಳುವ ಪ್ರತ್ಯೇಕ ಸಂತತಿ ಏರ್ಪಡಬಹುದೆಂದು ಈ ಸಂಶೋಧನಾಮಾರ್ಗದಿಂದ ತಿಳಿದುಬಂದಿತು.

ಆಗಿನ ಅಳತೆ ಸರಳವಾದುದು. ೧೯೫೭ರಲ್ಲಿ ಪ್ರಕಟವಾದ ಒಂದು ವಿಧಾನದಂತೆ ಹುಲ್ಲಿನ ಕಡ್ಡಿಗಳನ್ನು ಸೀಸ ಬೆರೆಸಿದ ದ್ರಾವಣದಲ್ಲಿಯೂ ಬೆರೆಸದ ದ್ರಾವಣದಲ್ಲಿಯೂ ಇಟ್ಟು, ಎರಡರಲ್ಲಿ ಬೇರು ಎಷ್ಟೆಷ್ಟು ಬೆಳೆಯಿತೆಂದು ಹೋಲಿಸುತ್ತಿದ್ದರು. ಈ ಬಗೆಯ ಪರೀಕ್ಷೆಗಳ ಫಲವಾಗಿ ಮುಂದೆ ಗಣಿನೆಲಕ್ಕೆಂದೇ ಹುಲ್ಲಿನ ತಳಿಗಳು ಸಿದ್ಧವಾದುವು. ಅವುಗಳಲ್ಲಿ ಒಂದಕ್ಕೆ ಗೊಗಿನಾನ್ ಎಂದೇ ಹೆಸರು. ಹಾಳು ಮಾಡಿದ ಗಣಿಯ ಹೆಸರೇ ಅದನ್ನು ಹಸುರು ಮಾಡುವ ಹುಲ್ಲಿಗೆ ಬಂದಿತು.

ಅದೇ ಪ್ರಾಂತದ ಸ್ವಾನ್ಸೀ ಕಣಿವೆಯಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವೊಂದು ನಡೆಯಿತು. ಅಲ್ಲಿ ೧೭೧೭ರಿಂದ ತಾಮ್ರದ ಅದಿರನ್ನು ಕರಗಿಸುವ ಕುಲುಮೆಗಳು ಏರ್ಪಟ್ಟು, ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಟ್ಟಣ ಜಗತ್ತಿನ ತಾಮ್ರದ ಉದ್ಯಮಕ್ಕೆ ಮುಖ್ಯ ಕೇಂದ್ರವಾಗಿದ್ದಿತು. ಗಂಧಕದ ಹೊಗೆಯಿಂದ ಗುಡ್ಡಗಳ ಮೇಲಿನ ಸಸ್ಯಗಳು ಸತ್ತುವು. ಬೇರಿನ ಹಿಡಿತ ತಪ್ಪಿದ ಮೇಲ್ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಯಿತು. ಕುಲುಮೆಗಳು ನಿಂತಮೇಲೆ ಕಿಟ್ಟದ ಗುಡ್ಡೆಗಳು ಉಳಿದುವು. ೧೯೬೧ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕಾಲೇಜು ಮುಂದೆ ಬಂದು ಕಣಿವೆಯ ಪುನರುದ್ಧಾರಕ್ಕೆ ಒಂದು ಅಧ್ಯಯನವನ್ನು ಕೈಗೊಂಡಿತು. ಸಸ್ಯಶಾಸ್ತ್ರಜ್ಞರು ಕಿಟ್ಟದ ಮೇಲೆ ಊರಿನ ಕಸವನ್ನೂ ಚರಂಡಿಯ ಗೊಬ್ಬರವನ್ನೂ ಹರಡಿ ಹುಲ್ಲು ಬಿತ್ತಿ ನೋಡಿದರು. ಶಾಲೆಯ ಮಕ್ಕಳೂ ಸಸಿ ನೆಡುವ ಕಾರ್ಯದಲ್ಲಿ ಸೇರಿದರು. ವರದಿ ೧೯೬೭ರಲ್ಲಿ ಪ್ರಕಟವಾಯಿತು. ಅದಕ್ಕೆ ಹಿಂದಿನ ವರ್ಷ, ೧೯೬೬ರ ಅಕ್ಟೋಬರ್ ೨೧ರಂದು, ವೇಲ್ಸಿನ ಅಬರ್‌ವಾನ್ ಗ್ರಾಮದಲ್ಲಿ ಕಲ್ಲಿದ್ದಲ ಗಣಿಯ ಕಸದ ಗುಡ್ಡೆ ಕುಸಿದು ಶಾಲೆಯ ಮೇಲೆ ಬಿದ್ದು ೧೪೪ ಜನ ಮೃತಪಟ್ಟಿದ್ದರು. ಅವರಲ್ಲಿ ೧೧೬ ಮಂದಿ ಮಕ್ಕಳು. ಗಣಿಕಸದ ರಾಶಿಗಳು ಬರಿಯ ಕಣ್ಣಿಗೆ ಅಸಹ್ಯವಾದ ವಸ್ತುಗಳೆಂಬ ಭಾವನೆ ಆ ದಿನದಿಂದ ಉಳಿಯಲಿಲ್ಲ. ೧೯೬೯ರಲ್ಲಿ ಅವುಗಳ ಭದ್ರತೆಯ ವಿಷಯವಾಗಿ ಕಾನೂನು ಬಂದಿತು.

ಸ್ವಾನ್ಸೀಯ ವಿದ್ವಾಂಸರು ಕೇಳಿದ ಪ್ರಶ್ನೆ, ಇಲ್ಲಿ ಏನಾದರೂ ಬೆಳೆಯುವುದೆ ಎಂಬುದಾಗಿದ್ದಿತು. ಕುಲುಮೆ ಬರುವುದಕ್ಕೆ ಮುಂಚೆ ಆ ಕಣಿವೆ ಹೇಗಿದ್ದಿತೆಂದು ಬಲ್ಲವರು ಇನ್ನೂರೈವತ್ತು ವರ್ಷಗಳ ಅನಂತರ ಯಾರು ತಾನೆ ಇದ್ದಾರು? ಯಾವುದು ಮರಳಬೇಕು ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಲಿಲ್ಲ. ಬೋಳು ನೆಲದ ಮೇಲೆ ಯಾವ ಹಸುರು ಬಂದರೂ ಅದು ಲಾಭವೇ ಆಗಿದ್ದಿತು.

೩

ಪ್ರಯೋಗಶಾಲೆಯ ಅಳತೆಯಿಂದ ಕಾನೂನಿನ ಅಳತೆಗೆ ಬರುವಾಗ ಪ್ರಶ್ನೆಯ ಸ್ವರೂಪ ಬದಲಾಯಿತು. ಇದನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ಪಷ್ಟವಾಗಿ ಕಾಣಬಹುದು. ನೆಲದ ಮೇಲಿನ ಸಸ್ಯಗಳನ್ನು ಎಣಿಸುವ ಎರಡು ಉಪಾಯಗಳು ಅಷ್ಟರಲ್ಲಿ ಬಳಕೆಗೆ ಬಂದಿದ್ದುವು. ನೆಲದ ಮೇಲೆ ಚೌಕವನ್ನು ಗುರುತಿಸಿ ಅದರೊಳಗಿನ ಗಿಡಗಳನ್ನು ಎಣಿಸುವ ಕ್ರಮವನ್ನು ನೆಬ್ರಾಸ್ಕದಲ್ಲಿ ಪೌಂಡ್ ಮತ್ತು ಕ್ಲೆಮೆಂಟ್ಸ್ ಎಂಬುವರು ೧೮೯೮ರಲ್ಲಿ ನಿರೂಪಿಸಿದ್ದರು. ಚೌಕಟ್ಟಿನಿಂದ ಸಣ್ಣ ಕಡ್ಡಿಗಳನ್ನು ಇಳಿಬಿಟ್ಟು, ಎಷ್ಟು ಕಡ್ಡಿಗಳು ಗಿಡವನ್ನು ಮುಟ್ಟಿದುವು, ಎಷ್ಟು ಬರಿನೆಲವನ್ನು ಮುಟ್ಟಿದುವು ಎಂದು ಲೆಕ್ಕ ಹಾಕುವ ಕ್ರಮವನ್ನು ನ್ಯೂಜಿಲೆಂಡಿನ ಲೆವಿ ಮತ್ತು ಮ್ಯಾಡನ್ ಎಂಬುವರು ೧೯೩೩ರಲ್ಲಿ ಹುಲ್ಲುಗಾವಲುಗಳಿಗಾಗಿ ರೂಪಿಸಿದರು. ಇವೆರಡರಿಂದಲೂ ಹಸುರಿನ ಹೊದಿಕೆಯನ್ನು ನೂರಕ್ಕೆ ಇಷ್ಟು ಎಂದು ಹೇಳುವುದು ಸಾಧ್ಯವಾಯಿತು. ಸಂಖ್ಯೆಯಾಗಿ ಹೇಳಬಹುದಾದುದನ್ನು ಕಾನೂನಿನಲ್ಲಿ ಬರೆಯಬಹುದು.

೧೯೭೭ರ ಆಗಸ್ಟ್ ೩ರಂದು ಅಧ್ಯಕ್ಷ ಜಿಮ್ಮಿ ಕಾರ್ಟರರ ಸಹಿಯಿಂದ ಜಾರಿಗೆ ಬಂದ ಕಾಯಿದೆಯು ಮೇಲ್ಮೈಯಿಂದ ಕಲ್ಲಿದ್ದಲನ್ನು ಅಗೆಯುವ ಗಣಿಗಳಿಗೆ ಸಂಬಂಧಪಟ್ಟುದು. ಗಣಿಯ ಒಡೆಯನು ಮೊದಲೇ ಠೇವಣಿಯನ್ನು ಇಡಬೇಕು; ನೆಲವನ್ನು ಸರಿಪಡಿಸಿ ಸಸ್ಯಗಳನ್ನು ನೆಲೆಗೊಳಿಸಿದ ಮೇಲೆ ಅದನ್ನು ಹಂತಹಂತವಾಗಿ ಹಿಂದಕ್ಕೆ ಪಡೆಯಬಹುದು. ಕೊನೆಯ ಬಿತ್ತನೆ, ಗೊಬ್ಬರ, ನೀರಾವರಿಗಳು ಮುಗಿದಮೇಲೆ ಐದು ಪೂರ್ಣ ವರ್ಷಗಳ ಕಾಲ ಅವನ ಹೊಣೆ ಮುಂದುವರಿಯುತ್ತದೆ. ವರ್ಷದ ಮಳೆ ೨೬ ಅಂಗುಲ ಅಥವಾ ಅದಕ್ಕಿಂತ ಕಡಮೆಯಿರುವ ಒಣ ಪ್ರದೇಶಗಳಲ್ಲಿ ಹತ್ತು ವರ್ಷಗಳ ಕಾಲ. ಕಾಯಿದೆಯನ್ನು ಅನುಸರಿಸಿ ಬಂದ ನಿಯಮಗಳು, ನೆಲದ ಹೊದಿಕೆಯು ಗೊತ್ತುಮಾಡಿದ ಮಟ್ಟದ ನೂರಕ್ಕೆ ೯೦ ಪಾಲಿಗೆ ಕಡಮೆಯಿಲ್ಲದಿದ್ದರೆ ಸಾಕೆಂದು ವಿಧಿಸಿದುವು. ಉದಾಹರಣೆಗೆ, ಪಕ್ಕದ ಅಗೆಯದ ನೆಲವನ್ನು ಮಾದರಿಯಾಗಿ ಇಟ್ಟುಕೊಂಡಲ್ಲಿ, ಅಲ್ಲಿ ನೂರು ಕಡ್ಡಿಗಳಲ್ಲಿ ಎಂಬತ್ತು ಗಿಡವನ್ನು ಮುಟ್ಟಿದರೆ ಗಣಿನೆಲದಲ್ಲಿ ಎಪ್ಪತ್ತೆರಡಾದರೂ ಮುಟ್ಟಬೇಕು.

ಈ ವ್ಯವಸ್ಥೆ ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ. ಗಣಿಯ ಒಡೆಯನ ಮಾತಿಗೂ ಅಧಿಕಾರಿಯ ಕೃಪೆಗೂ ಬಿಡದೆ ವಿವಾದವನ್ನು ಎಣಿಕೆಯಿಂದ ತೀರ್ಮಾನಿಸುವುದು ಅದರ ಹಿರಿಮೆ. ಆದರೆ ಅಪಲೇಷಿಯ ಬೆಟ್ಟಗಳಲ್ಲಿ ಅದರ ಫಲ ಅನಿರೀಕ್ಷಿತವಾಯಿತು. ಅವು ಮೂಲತಃ ಗಟ್ಟಿಮರಗಳ ದಟ್ಟ ಕಾಡಿದ್ದ ಬೆಟ್ಟಗಳು. ಮಣ್ಣು ಕುಸಿಯದಂತೆ ಭಾರಿ ಯಂತ್ರಗಳಿಂದ ನೆಲವನ್ನು ಸಮಮಾಡಿ ಒತ್ತಿ, ಬೇಗ ಹಬ್ಬುವ ಹೊರದೇಶದ ಹುಲ್ಲುಗಳನ್ನು ಬಿತ್ತಿದರು. ಹೊದಿಕೆ ಕೆಲವೇ ವರ್ಷಗಳಲ್ಲಿ ಬೇಕಾದ ಮಟ್ಟವನ್ನು ಮುಟ್ಟಿತು. ಠೇವಣಿ ಹಿಂದಕ್ಕೆ ಹೋಯಿತು. ಒತ್ತಿದ ಮಣ್ಣಿನೊಳಕ್ಕೆ ಮರದ ಬೇರು ಇಳಿಯಲಾರದು, ದಟ್ಟವಾದ ಹುಲ್ಲಿನ ನಡುವೆ ಮರದ ಸಸಿ ತಲೆಯೆತ್ತಲಾರದು. ಹೀಗೆ ಕಾಡಿದ್ದ ನೆಲ ದಶಕಗಳ ಅನಂತರವೂ ಹುಲ್ಲಾಗಿಯೇ ನಿಂತಿತು. ಕಾಡನ್ನು ಮತ್ತೆ ತರುವ ಉದ್ದೇಶದಿಂದ ೨೦೦೪ರಲ್ಲಿ ಸರ್ಕಾರವೂ ವಿದ್ವಾಂಸರೂ ಸೇರಿ ಬೇರೊಂದು ಕ್ರಮವನ್ನು ಪ್ರಚಾರಕ್ಕೆ ತಂದರು. ಅದರಂತೆ ನಾಲ್ಕು ಅಡಿಗೆ ಕಡಮೆಯಿಲ್ಲದ ಮಣ್ಣನ್ನು ಒತ್ತದೆ ಸಡಿಲವಾಗಿ ಹರಡಬೇಕು. ಸಸಿಗಳೊಡನೆ ಸ್ಪರ್ಧಿಸದ ಹೊದಿಕೆಯನ್ನು ಬಿತ್ತಬೇಕು. ಎಣಿಕೆಯಲ್ಲಿ ತಪ್ಪಿರಲಿಲ್ಲ. ಎಣಿಸಿದ ವಸ್ತು ಆ ಬೆಟ್ಟದ ಹಿಂದಿನ ಸ್ಥಿತಿಗೆ ಸಂಬಂಧಪಟ್ಟುದಾಗಿರಲಿಲ್ಲ.

೪

ಮೂರನೆಯ ಅಳತೆ ಆಕಾಶದಿಂದ ಬಂದಿತು. ೧೯೭೨ರ ಜುಲೈ ೨೩ರಂದು ಅಮೆರಿಕ ಹಾರಿಸಿದ, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹವು ಹದಿನೆಂಟು ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದು ಚಿತ್ರಗಳನ್ನು ಕಳುಹಿಸತೊಡಗಿತು. ಹಸುರೆಲೆಯು ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ; ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಬರಿಯ ಮಣ್ಣಿನಲ್ಲಿ ಈ ವ್ಯತ್ಯಾಸ ಅಷ್ಟಿಲ್ಲ. ಅವಕೆಂಪಿನಿಂದ ಕೆಂಪನ್ನು ಕಳೆದು ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಋಣ ಒಂದರಿಂದ ಧನ ಒಂದರವರೆಗಿನ ಒಂದು ಸಂಖ್ಯೆ ದೊರೆಯುತ್ತದೆ. ಇದನ್ನು ಟೆಕ್ಸಸ್ಸಿನ ಸಂಶೋಧಕರು ೧೯೭೩ರ ಸುಮಾರಿಗೆ ವಿಶಾಲವಾದ ಹುಲ್ಲುಬಯಲುಗಳ ಅಧ್ಯಯನಕ್ಕೆ ಬಳಸಿದರು. ಸಸ್ಯಸೂಚ್ಯಂಕವೆಂದು ಕರೆಯಬಹುದಾದ ಈ ಸಂಖ್ಯೆಯೇ ಇಂದಿಗೂ ಗಣಿನೆಲದ ಪರಿಶೀಲನೆಯಲ್ಲಿ ಬಹುವಾಗಿ ಬಳಕೆಯಲ್ಲಿದೆ. ಭಾರತವು ಪ್ರಾಯೋಗಿಕ ಹಂತವನ್ನು ದಾಟಿ ನಿತ್ಯಬಳಕೆಗೆಂದು ನಿರ್ಮಿಸಿದ ತನ್ನ ಮೊದಲ ದೂರಸಂವೇದಿ ಉಪಗ್ರಹವನ್ನು ೧೯೮೮ರ ಮಾರ್ಚ್ ೧೭ರಂದು ಕಕ್ಷೆಗೆ ಸೇರಿಸಿತು. ೨೦೦೮ರಲ್ಲಿ ಲ್ಯಾಂಡ್‌ಸ್ಯಾಟಿನ ಚಿತ್ರಭಂಡಾರವೆಲ್ಲವೂ ಬೆಲೆಯಿಲ್ಲದೆ ಎಲ್ಲರಿಗೂ ತೆರೆದ ಮೇಲೆ, ೧೯೭೨ರಿಂದ ಈಚಿನ ಕಾಲಕ್ಕೆ ಅದು ಇತಿಹಾಸಕಾರನಿಗೂ ಒಂದು ಪತ್ರಾಗಾರವಾಗಿ ಪರಿಣಮಿಸಿದೆ.

ಪತ್ರಾಗಾರದ ದಾಖಲೆಯನ್ನು ಓದುವಾಗ ಅನುಸರಿಸುವ ಎಚ್ಚರಿಕೆಯನ್ನು ಇಲ್ಲಿಯೂ ಅನುಸರಿಸಬೇಕು. ಮೊದಲನೆಯದಾಗಿ, ಸೂಚ್ಯಂಕವು ಹಸುರಿನ ಪ್ರಮಾಣವನ್ನು ಸೂಚಿಸುತ್ತದೆ, ಜಾತಿಯನ್ನು ಹೇಳುವುದಿಲ್ಲ. ಎರಡನೆಯದಾಗಿ, ಎಲೆಗಳು ಬಹಳ ದಟ್ಟವಾದ ಕಡೆ ಅದು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಎಳೆಯ ತೋಪಿಗೂ ಹಳೆಯ ಕಾಡಿಗೂ ಇರುವ ಭೇದ ಅದರಲ್ಲಿ ಅಡಗಿಹೋಗಬಹುದು. ಮೂರನೆಯದಾಗಿ, ಚಿತ್ರವನ್ನು ತೆಗೆದ ತಿಂಗಳು ಮುಖ್ಯ. ಕಾರ್ತಿಕದಲ್ಲಿ ಮಳೆ ಮುಗಿದೊಡನೆ ತೆಗೆದ ಚಿತ್ರವನ್ನು ಹಿಂದಿನ ವರ್ಷದ ಚೈತ್ರದ ಚಿತ್ರದೊಡನೆ ಹೋಲಿಸಿದರೆ, ಒಂದು ಸಸಿಯನ್ನೂ ನೆಡದ ಬೆಟ್ಟವೂ ಚೇತರಿಸಿಕೊಂಡಂತೆ ಕಾಣುವುದು. ಕಾಲ ತಿಳಿಯದ ಶಾಸನದಿಂದ ರಾಜವಂಶಾವಳಿಯನ್ನು ಕಟ್ಟುವುದು ಎಷ್ಟು ಅಪಾಯವೋ ಇದೂ ಅಷ್ಟೇ ಅಪಾಯ.

೫

ಈ ಎಚ್ಚರಿಕೆಗಳು ನಮ್ಮ ನಾಡಿಗೆ ಎಷ್ಟು ಅನ್ವಯಿಸುತ್ತವೆ ಎಂಬುದನ್ನು ಎರಡು ನಿದರ್ಶನಗಳಿಂದ ನೋಡಬಹುದು. ಒಂದು ಮಲೆನಾಡಿನ ಕುದುರೆಮುಖ, ಮತ್ತೊಂದು ಬಯಲುಸೀಮೆಯ ಸಂಡೂರು.

ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ಅಗೆಯುವುದಕ್ಕಾಗಿ ೧೯೭೬ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪಿತವಾಯಿತು. ಅದಿರಿನ ಪುಡಿಯನ್ನು ನೀರಿನೊಡನೆ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಹಳ್ಳಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವಿರುವುದು ಇದೇ ಸೀಮೆಯಲ್ಲಿ. ಸರ್ವೋಚ್ಚ ನ್ಯಾಯಾಲಯವು ೨೦೦೨ರ ಅಕ್ಟೋಬರ್ ೩೦ರಂದು ಕೊಟ್ಟ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ ೨೦೦೫ರ ಕೊನೆಗೆ ನಿಂತಿತು.

ಕುದುರೆಮುಖದ ಬೆಟ್ಟಗಳ ಸ್ವಭಾವವೇನೆಂಬುದನ್ನು ಇಲ್ಲಿ ನೆನೆಯಬೇಕು. ಕಣಿವೆಗಳ ಮಡಿಲಲ್ಲಿ ಶೋಲೆಯ ಕಾಡು, ಎತ್ತರದ ಇಳಿಜಾರುಗಳಲ್ಲಿ ಹುಲ್ಲು. ಎರಡೂ ಸೇರಿ ಆ ಪ್ರದೇಶದ ಮೂಲಸ್ಥಿತಿ. ಮಳೆಗಾಲದ ನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಕೊಡುವ ಕೆಲಸದಲ್ಲಿ ಹುಲ್ಲಿನ ಇಳಿಜಾರಿಗೂ ಪಾಲುಂಟು. ಬೇಸಗೆಯಲ್ಲಿ ಆ ಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಅಂಥ ಇಳಿಜಾರಿನಲ್ಲಿ ವರ್ಷವಿಡೀ ಎಲೆಯಿರುವ ಅಕೇಶಿಯದಂಥ ಹೊರದೇಶದ ಮರವನ್ನು ಒತ್ತಾಗಿ ನೆಟ್ಟರೆ ಸೂಚ್ಯಂಕ ಏರುತ್ತದೆ. ನಾಡಹುಲ್ಲು ಮರಳಿ ಬಂದರೆ ಬೇಸಗೆಯ ಚಿತ್ರದಲ್ಲಿ ಅದು ಇಳಿದಂತೆ ತೋರುತ್ತದೆ. ಅಪಲೇಷಿಯದಲ್ಲಿ ಕಾಡಿರಬೇಕಾದ ಕಡೆ ಹುಲ್ಲು ನಿಂತುದು ಸೋಲು; ಕುದುರೆಮುಖದಲ್ಲಿ ಹುಲ್ಲಿರಬೇಕಾದ ಕಡೆ ಮರ ನಿಂತರೆ ಅದೂ ಸೋಲೇ. ಈ ಭೇದವನ್ನು ಉಪಗ್ರಹವು ತಿಳಿಸಲಾರದು. ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು ಯೋಗನರಸಿಂಹನ್ ಮತ್ತು ಅವರ ಸಹೋದ್ಯೋಗಿಗಳು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಂಥ ಸಸ್ಯದಾಖಲೆಗಳು ಇಂಥ ವಿಷಯದಲ್ಲಿ ನಮಗೆ ಪ್ರಮಾಣವಾಗಬೇಕು.

ಸಂಡೂರಿನ ಕಥೆ ಬೇರೆ. ಅಲ್ಲಿನ ಬೆಟ್ಟಗಳಲ್ಲಿ ಉತ್ತಮವಾದ ಕಬ್ಬಿಣದ ಅದಿರಿರುವುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ವರ್ಣಿಸಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಹೊರದೇಶದ ಬೇಡಿಕೆ ಏರಿದಾಗ ಅಗೆತವು ಮಿತಿಮೀರಿತು. ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ೨೦೧೧ರ ಜುಲೈಯಲ್ಲಿ ವರದಿಯನ್ನು ಒಪ್ಪಿಸಿದರು. ಅದೇ ತಿಂಗಳ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿಯೂ ಆಗಸ್ಟ್ ೨೬ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಳನ್ನು ನಿಲ್ಲಿಸಿತು. ಗಣಿಗುತ್ತಿಗೆಗಳನ್ನು ಅವುಗಳ ಅಪರಾಧದ ಪ್ರಮಾಣಕ್ಕೆ ಅನುಸಾರವಾಗಿ ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಿಂದ ಕೊನೆಯ ವರ್ಗದ ಗುತ್ತಿಗೆಗಳು ರದ್ದಾದುವು. ಮತ್ತೆ ಅಗೆಯಬೇಕೆನ್ನುವ ಗಣಿಗೆ ಅದರದೇ ಆದ ಪುನರುದ್ಧಾರ ಯೋಜನೆ ಇರಬೇಕೆಂದು ಗೊತ್ತಾಯಿತು. ಕಸದ ರಾಶಿಗೆ ತಡೆಗೋಡೆ, ಹಳ್ಳಕ್ಕೆ ಒಡ್ಡು, ಇಳಿಜಾರಿಗೆ ಸಸಿ ಎಂಬ ಇವೇ ಮೊದಲಾದ ಕ್ರಮಗಳು ಅಂಥ ಯೋಜನೆಗಳ ಅಂಗಗಳು.

ಸಂಡೂರಿನ ಕಾಡು ಎಲೆಯುದುರುವ ಒಣಕಾಡು. ಮಾಘ ಫಾಲ್ಗುಣಗಳಲ್ಲಿ ಆರೋಗ್ಯವಾದ ಕಾಡೂ ಅಲ್ಲಿ ಬೋಳಾಗಿ ಕಾಣುತ್ತದೆ. ಬೇಸಗೆಯಲ್ಲಿಯೂ ಹಸುರಾಗಿ ನಿಲ್ಲುವ ಒಂದು ಗಿಡ ಮಾತ್ರ ಆ ಸೀಮೆಯಲ್ಲಿ ಎಲ್ಲರಿಗೂ ಪರಿಚಿತ. ಅದು ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಮುಳ್ಳುಗಿಡ. ಹಾಳುನೆಲವೆಲ್ಲಿದ್ದರೂ ಹಬ್ಬುವ ಅದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ಬಳ್ಳಾರಿ ಜಾಲಿ. ಹೊರಗಿನಿಂದ ಬಂದ ಗಿಡಕ್ಕೆ ಊರಿನ ಹೆಸರೇ ಅಂಟಿಕೊಂಡಿತೆಂದರೆ, ಮುಂದಿನ ತಲೆಮಾರು ಅದನ್ನೇ ಆ ನೆಲದ ಮೂಲಸಸ್ಯವೆಂದು ನಂಬುವುದು ಅಸಂಭವವಲ್ಲ. ಗಣಿಯ ಕಸದ ಮೇಲೆ ಅದು ಹಬ್ಬಿದರೆ ಆಕಾಶದ ಚಿತ್ರದಲ್ಲಿ ಹಸುರು ಹೆಚ್ಚುತ್ತದೆ. ಅದನ್ನು ಪುನರುದ್ಧಾರವೆಂದು ಬರೆದುಕೊಂಡರೆ ಗಣಿಯ ಒಡೆಯನ ಹೊಣೆ ಕಾಗದದ ಮೇಲೆ ತೀರಿಹೋಗುತ್ತದೆ. ಸುತ್ತಲಿನ ಹಳ್ಳಿಗಳ ದನಕರುಗಳಿಗೆ ಬೇಕಾದ ಹುಲ್ಲು, ಕೆರೆಗೆ ಬರಬೇಕಾದ ತಿಳಿನೀರು ಇವು ಬಂದುವೆ ಎಂಬುದನ್ನು ಕೇಳುವವರಿರುವುದಿಲ್ಲ.

೬

ಬ್ರ್ಯಾಡ್‌ಷಾ ಅವರು ತಮ್ಮ ಉತ್ತರವಯಸ್ಸಿನಲ್ಲಿ, ಹಾಳಾದ ನೆಲವನ್ನು ಮತ್ತೆ ಕಟ್ಟುವುದು ಪರಿಸರವಿಜ್ಞಾನಕ್ಕೆ ಒಡ್ಡಿದ ಪರೀಕ್ಷೆಯೆಂದು ಪ್ರತಿಪಾದಿಸಿದರು. ಮೂಲಸ್ಥಿತಿಯನ್ನೇ ಮರಳಿ ತರುವುದು, ಅದರ ಹತ್ತಿರಕ್ಕೆ ತರುವುದು, ಬೇರೊಂದನ್ನೇ ಅದರ ಜಾಗದಲ್ಲಿ ನಿಲ್ಲಿಸುವುದು ಎಂದು ಅವರು ಮೂರು ಭೇದಗಳನ್ನು ಮಾಡಿದರು. ಸ್ವಾನ್ಸೀಯಂಥ ಕಡೆ ಮೂರನೆಯದೂ ಸ್ತುತ್ಯವೇ. ಆದರೆ ಈ ಮೂರರಲ್ಲಿ ಯಾವುದು ನಡೆದಿದೆ ಎಂದು ಹೇಳಬೇಕಾದರೂ ಮೂಲಸ್ಥಿತಿ ಗೊತ್ತಿರಬೇಕು. ಅದನ್ನು ತಿಳಿಸಿಕೊಡುವುದು ಇತಿಹಾಸದ ಕೆಲಸ.

ಈ ಕೆಲಸಕ್ಕೆ ಸಾಮಗ್ರಿ ನಮ್ಮಲ್ಲಿ ಇಲ್ಲದೆ ಇಲ್ಲ. ಸಂಡೂರಿನ ವಿಷಯದಲ್ಲಿ ಫೂಟರ ಭೂವಿಜ್ಞಾನ ಗ್ರಂಥವೂ ೧೯೦೪ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಂಪಾದಿಸಿದ ಬಳ್ಳಾರಿ ಜಿಲ್ಲೆಯ ಗೆಜೆಟಿಯರೂ ಇವೆ. ಅರಣ್ಯ ಇಲಾಖೆಯ ಕಾರ್ಯಯೋಜನೆಗಳು, ಸರ್ವೇ ಇಲಾಖೆಯ ಹಳೆಯ ನಕಾಶೆಗಳು, ಕಂದಾಯದ ಕಾಗದಪತ್ರಗಳು ಬಹುಮಟ್ಟಿಗೆ ಈ ದೃಷ್ಟಿಯಿಂದ ಓದದೆ ಉಳಿದಿವೆ. ದತ್ತಿಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಕಲ್ಲು, ಕೆರೆ, ಹಳ್ಳಗಳೊಡನೆ ಮರಗಳ ಹೆಸರೂ ಬರುವುದನ್ನು ಶಾಸನ ಓದಿದವರೆಲ್ಲರೂ ಬಲ್ಲರು. ದಾನಿಯ ಬಿರುದುಗಳಿಗೆ ಕೊಡುವ ಲಕ್ಷ್ಯವನ್ನು ನಾವು ಆ ಮರಗಳಿಗೆ ಕೊಟ್ಟಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಗಣಿ ಬರುವುದಕ್ಕೆ ಮುಂಚಿನ ಬೆಟ್ಟವನ್ನು ಕಣ್ಣಾರೆ ಕಂಡ ದನಗಾಹಿಗಳೂ ಸೌದೆ ತರುತ್ತಿದ್ದ ಮುದುಕಿಯರೂ ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪು ಲಿಖಿತವಾಗದೆ ಹೋದರೆ ಸ್ವಾನ್ಸೀಯ ಗತಿಯೇ ನಮಗೂ ಒದಗುತ್ತದೆ.

ಗಣಿಸೀಮೆಯ ಕಾಲೇಜುಗಳಲ್ಲಿರುವ ಅಧ್ಯಾಪಕರು ಈ ವಿಷಯದಲ್ಲಿ ಮಾಡಬಹುದಾದ ಕಾರ್ಯ ದೊಡ್ಡ ವೆಚ್ಚದ್ದಲ್ಲ. ಸಸ್ಯಶಾಸ್ತ್ರ ವಿಭಾಗದವರೂ ಇತಿಹಾಸ ವಿಭಾಗದವರೂ ಕೂಡಿ, ಒಂದು ಬೆಟ್ಟವನ್ನು ಆರಿಸಿಕೊಂಡು, ಪ್ರತಿವರ್ಷ ಅದೇ ತಿಂಗಳಲ್ಲಿ ಅದೇ ಜಾಗದಲ್ಲಿ ನಿಂತು ಛಾಯಾಚಿತ್ರ ತೆಗೆಯಬಹುದು. ಗೊತ್ತಾದ ಚೌಕಗಳಲ್ಲಿ ಗಿಡಗಳನ್ನು ಹೆಸರು ಹಿಡಿದು ಎಣಿಸಬಹುದು. ಹಳೆಯ ದಾಖಲೆಗಳಿಂದಲೂ ಊರ ಹಿರಿಯರಿಂದಲೂ ಆ ಬೆಟ್ಟದ ಹಿಂದಿನ ಗಿಡಮರಗಳ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಅಂಥ ಪಟ್ಟಿ ಕೈಯಲ್ಲಿದ್ದರೆ ಉಪಗ್ರಹದ ಸಂಖ್ಯೆಗೆ ಅರ್ಥ ಬರುತ್ತದೆ, ಗಣಿಯ ಒಡೆಯನು ತೋರಿಸುವ ಹಸುರು ಯಾವ ಹಸುರೆಂದು ಕೇಳುವ ಅಧಿಕಾರ ಆ ಊರಿನವರಿಗೆ ಬರುತ್ತದೆ. ಈ ವಿಭಾಗದ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದಿನ ವರ್ಷಗಳಲ್ಲಿ ಒಂದೇ ಒಂದು ಗಣಿಬೆಟ್ಟದ ಇಂಥ ಚರಿತ್ರೆಯನ್ನು ಬರೆದುಕೊಟ್ಟರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.